ಪೇಡಾನ ನಾಲಿಗೆ

"ಬಾಯಿ ತೆರೆದು ತೇಕೋದು ಯಾವತ್ತಿಂದ?" ಪೇಡಾ ಎಂಬ ಬೆಕ್ಕಿನ ಎದೆಬಡಿತ ಕೇಳುತ್ತ ವಸ್ತ್ರಾಪುರದ ಡಾಕ್ಟರಮ್ಮ ಹಿಂದಿಯಲ್ಲಿ ವಿಚಾರಿಸಿದರು.

"ಇವತ್ತು ಬೆಳಿಗ್ಗೆಯಿಂದ," ಎಂದಳು ವಿಂಧ್ಯಾ.

"ಹತ್ತು ದಿನ ಆಯ್ತಲ್ಲ ಕಣೇ! ನೀನೇ ವಿಡಿಯೊ ಹಾಕಿದ್ದೆ," ಎಂದು ರೂಮ್‌ಮೇಟ್ ನಿಶ್ಚಿತಾ ತನ್ನ ಫೋನ್ ತೆರೆದು ಡಾಕ್ಟರ ಮುಂದೆ ಹಿಡಿದಳು. ಅದರಲ್ಲಿ ಪೇಡಾ ನಾಲಿಗೆ ಚಾಚಿ ತೇಕುತ್ತಿತ್ತು. "ನೋಡ್ರೋ, ನಮ್ಮ ಬೆಕ್ಕು ನಾಯಿ ಆಗಿದೆ!" ಎಂದು ವಿಡಿಯೊದೊಳಗೆ ವಿಂಧ್ಯಾ ಬಿದ್ದು ಬಿದ್ದು ನಗುತ್ತಿದ್ದಳು.

ಡಾಕ್ಟರು ಕೊನೆಯವರೆಗೂ ನೋಡಿದರು. "ಬೆಕ್ಕು ಹೀಗೆ ತೇಕಿದರೆ ಅದು ಆಟ ಅಲ್ಲ ಬೇಟಾ, ಉಸಿರಿಗೆ ಒದ್ದಾಟ. ಉಳಿಸೋಣ. ಆದರೆ ಅವತ್ತೇ ತರಬೇಕಿತ್ತು," ಎಂದು ಆಕ್ಸಿಜನ್ ಕೊಳವೆ ಎಳೆದುಕೊಂಡರು.

ಫೋನಿನಲ್ಲಿ ವಿಡಿಯೊ ಮತ್ತೆ ಮೊದಲಿಂದ ಶುರುವಾಯಿತು. ಆ ನಗು ಕೇಳಿ ಪೇಡಾ ಕಷ್ಟಪಟ್ಟು ಕತ್ತೆತ್ತಿ ವಿಂಧ್ಯಾಳನ್ನು ಹುಡುಕಿತು. ಅದಕ್ಕೆ ಮುಖ ತೋರಿಸಲಾಗದೆ ಅವಳು ಗೋಡೆಯ ಕಡೆ ತಿರುಗಿ ನಿಂತಳು.