ಹವಾಲ್ದಾರರ ಮೊಣಕಾಲು ನೋವು

ಸೈನಿಕರ ದಿನ ಶಾಲೆಯಲ್ಲಿ ಮಾಜಿ ಸೈನಿಕರ ನೋವನ್ನು ಮುಖ್ಯ ಅತಿಥಿ ಅರ್ಧ ಗಂಟೆ ಹೊರಬೇಕೆಂಬುದು ಸರ್ಕಾರದ ನಿಯಮ. ಮುಂಗೈಗೆ ಪಟ್ಟಿ ಕಟ್ಟಿದರೆ ಸಾಕು, ನೋವು ಕಟ್ಟಿಕೊಂಡವರಿಗೆ ದಾಟುತ್ತದೆ. ಶಾಸಕರು ಎಂದಿನಂತೆ ಪಟ್ಟಿಯನ್ನು ವೇದಿಕೆಯ ಹಿಂದೆ ಶಾಲೆಯ ಆಯಾ ಯಲ್ಲವ್ವನಿಗೆ ಕಟ್ಟಿಸಿ, ತ್ಯಾಗದ ಬಗ್ಗೆ ಭಾಷಣ ಶುರುಮಾಡಿದರು. ಗೋಡೆ ಹಿಡಿದು ನಿಂತಿದ್ದ ಅವಳು ಈ ಸಲ, ಆ ಮೊಣಕಾಲು ನೋವಿನ ಒಡೆಯರಾದ ಮಾಜಿ ಹವಾಲ್ದಾರ್ ಫಕ್ಕೀರಗೌಡರ ಕಣ್ಣಿಗೆ ಬಿದ್ದಳು.

“ಬಾಳ ನೋಯ್ತೈತೇನವ್ವಾ?”

“ನಿಮ್ಮ ನೋವು ಹೊರಾಕತ್ತಿ ಆರು ವರ್ಷ ಆತ್ರೀ ಅಜ್ಜಾರ. ಗುಂಡು ಎಲ್ಲಿ ಬಡದೈತಿ ಅಂತ ಡಾಕ್ಟರಿಗಿಂತ ನಾನs ಚಲೋ ಹೇಳ್ತೀನಿ.”

ಗೌಡರು ಅವಳ ಪಟ್ಟಿ ಬಿಚ್ಚಿದರು. ನೋವು ಅವರಿಗೇ ಮರಳಿತು. ಕುಂಟುತ್ತಲೇ ವೇದಿಕೆ ಹತ್ತಿ, ಕೈಕುಲುಕುವವರಂತೆ ಶಾಸಕರ ಕೈ ಹಿಡಿದು ಪಟ್ಟಿಯನ್ನು ಅವರ ಮುಂಗೈಗೆ ಬಿಗಿದರು.

“ಯೋಧರ ನೋವು ನಮ್ಮ... ಅಯ್ಯಯ್ಯೋ ಯವ್ವಾ!”

ಭಾಷಣ ಅಲ್ಲಿಗೇ ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಶಾಸಕರ ಮಾತು ಮನಮುಟ್ಟುವಂತಿತ್ತು ಎಂದು ಹೆಡ್‌ಮಾಸ್ತರರು ವರದಿ ಬರೆದರು.