ಅತ್ತೆ ಬಂದ ಯುದ್ಧ

ಒಂದೇ ಸೂರಿನಡಿ ಮಲಗಿದವರಿಗೆಲ್ಲ ಒಂದೇ ಕನಸು ಬೀಳತೊಡಗಿದ ಮೇಲೆ ಜನ ಅದಕ್ಕೂ ಹೊಂದಿಕೊಂಡಿದ್ದರು. ಸೈನ್ಯದಿಂದ ನಿವೃತ್ತನಾಗಿ ಗೋಕಾಕಕ್ಕೆ ಮರಳಿದ ಹವಾಲ್ದಾರ ಅಡಿವೆಪ್ಪ ಮಾತ್ರ ಮಾಳಿಗೆಯ ಮೇಲೆ ಬಯಲಲ್ಲೇ ಮಲಗುತ್ತಿದ್ದ. ತನ್ನ ಯುದ್ಧ ಮನೆಯವರ ನಿದ್ದೆಗೆ ನುಗ್ಗಬಾರದೆಂದು ಅವನ ಹಟ.

ಒಂದು ಭಾನುವಾರ ಹೋಳಿಗೆ ಊಟ ಮುಗಿಸಿ ಪಡಸಾಲೆಯ ಗೋಡೆಗೆ ಒರಗಿದವನಿಗೆ ಅಲ್ಲೇ ಜೊಂಪು ಹತ್ತಿತು. ಪಕ್ಕದಲ್ಲಿ ಹೆಂಡತಿ ಕಸ್ತೂರಿ, ಅತ್ತೆ ನಿಂಗವ್ವ ಆಗಲೇ ಗೊರಕೆ ಹೊಡೆಯುತ್ತಿದ್ದರು. ಕನಸಿನಲ್ಲಿ ಅದೇ ಹಿಮದ ಬೆಟ್ಟ, ಅದೇ ಗುಂಡಿನ ಸದ್ದು. ಅಷ್ಟರಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ನಿಂಗವ್ವ ಹಿಮದಲ್ಲಿ ನಡೆದುಬಂದಳು.

"ಮಟಮಟ ಮಧ್ಯಾಹ್ನ ಯಾರಲೇ ಇದು ಢಂ ಢಂ ಅನಸಾವ್ರು? ಉಂಡು ಮಲಗಿದವರಿಗೆ ನಿದ್ದಿ ಬ್ಯಾಡೇನು?"

ಎರಡೂ ಕಡೆಯ ತೋಪುಗಳು ಸುಮ್ಮನಾದವು.

ಎಲ್ಲರೂ ಒಟ್ಟಿಗೆ ಎಚ್ಚರಾದರು. "ತಪ್ಪಾತ್ರಿ ಅತ್ತಿ," ಎಂದು ಅಡಿವೆಪ್ಪ ತಲೆ ತಗ್ಗಿಸಿದ.

"ತಪ್ಪೇನ್ ಬಂತ್ರಿ ಅಳ್ಯಾರ? ಕಾಲು ಮರಗಟ್ಟಿದ್ವು, ಅಷ್ಟ," ಎಂದು ನಿಂಗವ್ವ ಪಾದ ತಿಕ್ಕಿಕೊಂಡಳು.

ಕಸ್ತೂರಿ ಮೆಲ್ಲಗೆ ಕೇಳಿದಳು: "ಕನಸಿನ್ಯಾಗ ನಿಮ್ಮ ತೊಡಿ ಮ್ಯಾಲ ಜೀವ ಬಿಟ್ಟನಲ್ರಿ ಆ ಸಿಪಾಯಿ, ಅವನ ಹೆಸರೇನು?"

ಅಡಿವೆಪ್ಪ ಇಷ್ಟು ವರ್ಷ ಯಾರೆದುರೂ ಆಡದಿದ್ದ ಹೆಸರು ಅದು.

"ಧೋಂಡಿಬಾ," ಎಂದ. ಕಣ್ಣು ತುಂಬಿಬಂದರೂ ನಗು ತಡೆಯಲಾಗಲಿಲ್ಲ. "ಒಂದು ಹಾಡೂ ಪೂರ್ತಿ ಬರತಿದ್ದಿಲ್ಲ ಅವಗ. ಆದ್ರೂ ಬಾಯಿ ಮುಚ್ಚತಿದ್ದಿಲ್ಲ ನೋಡು!"