ಎರಡು ಸಿಳ್ಳೆ

"ಹೌದು, ನಾನೇ ಮಾಬ್ಲಿ," ಎಂದ ಇಡ್ವಲ್. ಐವತ್ತು ದಾಟಿದ, ಗಡ್ಡ ಬೆಳೆಸಿಕೊಂಡ ಆಸಾಮಿ ಕುರಿದೊಡ್ಡಿಯ ಕಲ್ಲುಗೋಡೆ ಹತ್ತಿ ನಿಂತು ಫೋನಿನಲ್ಲಿ ತನ್ನ ಮಗಳೇ ಆಗಲು ಹೊರಟಿದ್ದ.

ಆ ಕಡೆಯ ಹೆಂಗಸು ತುಸು ತಡೆದು ಕೇಳಿದಳು. "ದನಿ ಯಾಕೋ ದಪ್ಪಗಿದೆಯಲ್ಲಮ್ಮ?"

"ಶೀತ."

"ನೋಡಿ ಸರ್, ಇಂಥ ಶೀತ ಆಗಿರೋ ಅಪ್ಪಂದಿರು ಬೆಳಿಗ್ಗೆಯಿಂದ ಬೇಕಾದಷ್ಟು ಜನ ಫೋನ್ ಮಾಡಿದಾರೆ. ಸೀಟು ಬೇಕಾದವರೇ ಮಾತಾಡ್ಬೇಕು, ಅದು ನಿಯಮ. ಮಗಳನ್ನ ಕರೀರಿ, ಕಾಯ್ತೀನಿ."

ಕರೆಯುವುದು ಹೇಗೆ? ವೇಲ್ಸ್‌ನ ಆ ಗುಡ್ಡದ ಮನೆಗೆ ಸಿಗ್ನಲ್ ಸಿಗುವುದು ಗೋಡೆಯ ಮೇಲೆ ಮಾತ್ರ. ಇಳಿದರೆ ಲೈನು ಕಡಿಯುತ್ತದೆ. ಫಲಿತಾಂಶದ ದಿನ, ಉಳಿದ ಸೀಟುಗಳಿಗಾಗಿ ದೇಶಕ್ಕೆ ದೇಶವೇ ಫೋನು ಹಿಡಿದು ಕೂತಿರುವಾಗ, ಮತ್ತೆ ಸಿಕ್ಕೀತೆಂಬ ಭರವಸೆಯಿಲ್ಲ. ಕೂಗೋಣವೆಂದರೆ ಗಾಳಿ. ಇಡ್ವಲ್ ಎರಡು ಬೆರಳು ಬಾಯಿಗಿಟ್ಟು ಗಿಡ್ಡ ಸಿಳ್ಳೆಯೊಂದನ್ನು ಹಾಕಿದ. ದೂರ ಹೋದ ನಾಯಿಯನ್ನು ವಾಪಸ್ ಕರೆಯುವ ಸಿಳ್ಳೆ.

ಮೊದಲು ಬಂದದ್ದು ಬೆಸ್, ಅವನ ಕುರಿನಾಯಿ. ಅದರ ಹಿಂದೆ, ರಾತ್ರಿಯುಡುಪಿನ ಮೇಲೆ ಅಪ್ಪನ ಕೋಟು ಹೊದ್ದು, ಅತ್ತು ಕಣ್ಣು ಊದಿಸಿಕೊಂಡ ಮಾಬ್ಲಿ.

"ನಾನೇನು ಬೆಸ್ಸಾ, ಸಿಳ್ಳೆ ಹಾಕಿ ಕರೆಯೋಕೆ?"

"ಬೆಸ್ ಆದ್ರೆ ಎದುರು ಮಾತಾಡಲ್ಲ. ಹತ್ತು ಮೇಲೆ. ಸ್ಕಾಟ್ಲೆಂಡಿನ ಯೂನಿವರ್ಸಿಟಿಯವರು ಲೈನಲ್ಲಿದಾರೆ."

"ಬೇಡ ಅಂದ್ನಲ್ಲಪ್ಪ. ಇಲ್ಲೇ ಇದ್ದು ಮುಂದಿನ ವರ್ಷ ಮತ್ತೆ ಪರೀಕ್ಷೆ ಬರೀತೀನಿ. ಕುರಿ ಮರಿ ಹಾಕೋ ಹೊತ್ತಿಗೆ ನಿಂಗೂ ಒಬ್ರು ಜೊತೆಗೆ ಬೇಕಲ್ಲ."

ಬೆಳಿಗ್ಗೆ ಅವಳು ಇದೇ ಮಾತು ಹೇಳಿದಾಗ ಇಡ್ವಲ್‌ನ ಎದೆ ತುಂಬಿ ಬಂದಿತ್ತು. ರಸಾಯನಶಾಸ್ತ್ರದಲ್ಲಿ ಒಂದು ದರ್ಜೆ ಕಡಿಮೆ ಬಂದು, ಪಶುವೈದ್ಯ ಕಾಲೇಜು ಆಗುವುದಿಲ್ಲವೆಂದಿದ್ದಕ್ಕೆ ಮಗಳು ಮುಸುಕೆಳೆದುಕೊಂಡು ಅಳುತ್ತಿದ್ದರೆ, ಚಹಾಕ್ಕೆ ನೀರಿಟ್ಟ ಅಪ್ಪ ಒಳಗೊಳಗೇ ಖುಷಿಪಟ್ಟಿದ್ದ. ಹೆಂಡತಿ ತೀರಿಹೋದ ಮೇಲೆ ಆ ಮನೆಯಲ್ಲಿ ದಿನಾ ತೊಳೆಯುವುದು ಎರಡೇ ಕಪ್ಪು. ಅದು ಒಂದಾಗುವ ದಿನವನ್ನು ನೆನೆದರೇ ಅವನಿಗೆ ಊಟ ಸೇರುತ್ತಿರಲಿಲ್ಲ. ಸದ್ಯ, ಇನ್ನೊಂದು ವರ್ಷ ಸಿಕ್ಕಿತಲ್ಲ ಎಂದುಕೊಂಡ. ಆದರೆ ನೀರು ಕುದಿಯುವಷ್ಟರಲ್ಲಿ ಆ 'ಮುಂದಿನ ವರ್ಷ' ಎಂಬುದನ್ನು ಎಲ್ಲೋ ಕೇಳಿದಂತೆನಿಸಿತು. ಹಡಗಿನ ಕೆಲಸಕ್ಕೆ ಮುಂದಿನ ವರ್ಷ ಹೋಗುತ್ತೇನೆಂದು ಹದಿನೆಂಟರಲ್ಲಿ ಅವನೂ ತನ್ನಪ್ಪನಿಗೆ ಹೇಳಿ, ಕುರಿಗಳ ಜೊತೆ ಉಳಿದಿದ್ದ. ಆ ಗೋಡೆ ಹತ್ತಿದರೆ ಸಮುದ್ರವೂ ಕಾಣುತ್ತದೆ. ಸಿಗ್ನಲ್ ಎಂಬುದೇ ಇಲ್ಲದಿದ್ದ ಕಾಲದಲ್ಲೂ ಅವನು ಅದನ್ನು ಹತ್ತಿ ನಿಲ್ಲುತ್ತಿದ್ದ.

"ಬೇಡ ಅನ್ನೋದಾದ್ರೆ ನೀನೇ ಅನ್ನು. ಪಾಪ, ಆಗಿಂದ ಕಾಯ್ತಿದಾಳೆ," ಎಂದು ಅವಳ ಕೈ ಹಿಡಿದು ಮೇಲೆಳೆದುಕೊಂಡು, ಫೋನು ಕೊಟ್ಟು, ತಾನು ಕೆಳಗಿಳಿದ.

ಮಾಬ್ಲಿ ಬೇಡವೆನ್ನಲೆಂದೇ ಫೋನು ಕಿವಿಗಿಟ್ಟಳು. ಆ ಹೆಂಗಸು ಸೀಟಿನ ಮಾತು ಬಿಟ್ಟು ಕುರಿಯ ಮಾತೆತ್ತಿರಬೇಕು. "ಹೂಂ, ನಾನೇ ಮರಿ ಹಾಕಿಸ್ತೀನಿ... ಇಲ್ಲ ಇಲ್ಲ, ಅಡ್ಡ ಸಿಕ್ಕೊಂಡಿದ್ರೆ ಎಳೀಬಾರ್ದು. ಮೊದ್ಲು ಒಳಗೆ ತಳ್ಳಿ ಕಾಲು ಹುಡುಕ್ಬೇಕು..." ಮಾತು ಬೆಳೆದಂತೆ ಅವಳ ಬೆನ್ನು ನೆಟ್ಟಗಾಯಿತು. ಮಗಳು ಹೋಗುತ್ತಾಳೆಂದು ಇಡ್ವಲ್‌ಗೆ ಆ ಬೆನ್ನು ನೋಡಿಯೇ ಗೊತ್ತಾಯಿತು.

ಕೊನೆಗೆ ಅವಳು ಫೋನನ್ನು ಕೋಟಿಗೆ ಒತ್ತಿ ಹಿಡಿದು ತಿರುಗಿದಳು.

"ಅಪ್ಪಾ, ಪ್ರಾಣಿವಿಜ್ಞಾನ ಕೊಡ್ತಾರಂತೆ. ಚೆನ್ನಾಗಿ ಓದಿದ್ರೆ ಆಮೇಲೆ ಪಶುವೈದ್ಯಕ್ಕೂ ಹೋಗ್ಬಹುದಂತೆ. ಈಗ್ಲೇ ಹೇಳ್ಬೇಕು." ಅವಳ ದನಿ ಇಳಿಯಿತು. "ದಿನವಿಡೀ ರೈಲು ಕಣಪ್ಪ. ಶನಿವಾರ, ಭಾನುವಾರ ಅಂತ ಬಂದು ಹೋಗೋಕಾಗಲ್ಲ. ಏನಂತ ಹೇಳ್ಲಿ?"

ಹೋಗು ಎನ್ನಲು ಇಡ್ವಲ್ ಬಾಯಿ ತೆರೆದ. ಆದರೆ ನಾಲಿಗೆಯ ತುದಿಯಲ್ಲಿದ್ದದ್ದು ಇರು ಎಂಬ ಮಾತು. ಅವನು ಮತ್ತೆ ಎರಡು ಬೆರಳು ಬಾಯಿಗಿಟ್ಟು ಇನ್ನೊಂದು ಸಿಳ್ಳೆ ಹಾಕಿದ. ಇದು ಉದ್ದನೆಯದು, ನಾಯಿಯನ್ನು ಗುಡ್ಡದಾಚೆಗೆ ದೂರ ಕಳಿಸುವಂಥದ್ದು. ನಡೆಯಲು ಕಲಿತಾಗಿನಿಂದ ಮಾಬ್ಲಿಗೆ ಎರಡೂ ಸಿಳ್ಳೆ ಗೊತ್ತು. ಅಪ್ಪನ ಮುಖವನ್ನೇ ನೋಡುತ್ತಾ ಅವಳು ಫೋನು ಕಿವಿಗಿಟ್ಟು, "ಬರ್ತೀನಿ," ಎಂದಳು.

ಬೆಸ್‌ಗೆ ಇದೆಲ್ಲ ಏನು ಗೊತ್ತು. ಕೆಲಸ ಬಂತೆಂದು ಅದು ಚಂಗನೆ ಎದ್ದು, ಕುರಿಯೊಂದೂ ಇಲ್ಲದ ಗುಡ್ಡ ಹತ್ತಿ ಓಡಿತು. ನೆತ್ತಿ ಮುಟ್ಟಿ, ನಿಂತು, ತಿರುಗಿ ನೋಡಿತು.

"ಅಪ್ಪಾ, ಬೆಸ್ ಕಾಯ್ತಿದೆ ನೋಡು. ವಾಪಸ್ ಕರಿ," ಎಂದಳು ಮಾಬ್ಲಿ.

ಇಡ್ವಲ್ ಬೆರಳು ಬಾಯಿಗಿಟ್ಟು ಊದಿದ. ಬರೀ ಉಸಿರು ಬಂತು.